ಲೈನಿಗೆ ನೀರು ಬರಲೆಂದು ಕಲಿತ ಸ್ಪ್ಯಾನಿಷ್

ಹೊಸ ಶತಮಾನದ ಮೊದಲ ವರ್ಷಗಳಲ್ಲಿ ನಾನು ವನಗೂರಿನ ಮೇಲಿನ ಒಂದು ಕಾಫಿ ಎಸ್ಟೇಟಿನ ಕೂಲಿ ಲೈನಿನಲ್ಲಿ, ಅಂದರೆ ಕೂಲಿಯವರ ಸಾಲುಮನೆಗಳಲ್ಲಿ, ಅಕ್ಷರ ಕಲಿಸುತ್ತಿದ್ದೆ. ಆ ಲೈನಿಗೆ ನಲ್ಲಿ ಇರಲಿಲ್ಲ. ಹಣ್ಣು ಕೊಯ್ಯುವ ಹೆಂಗಸರು ಕೆಳಗಿನ ಹಳ್ಳದಿಂದ ಬಿಂದಿಗೆ ಹೊತ್ತು ಏರಬೇಕಿತ್ತು. ಕೊಯ್ಲು ಮುಗಿಯುವುದರೊಳಗೆ ನಲ್ಲಿ ಬಾರದಿದ್ದರೆ ಇನ್ನೊಂದು ವರ್ಷ ಅದೇ ಪಾಡೆಂದು ಗುಂಪಿನ ಹಿರಿಯಮ್ಮನಿಗೆ ಗೊತ್ತಿತ್ತು. ಅವರ ಮಂಡಿ ಆಗಲೇ ಸೋತಿತ್ತು.

ಆ ಸಲ ಕೊಲಂಬಿಯಾದ ಕಾಫಿ ಬೆಳೆಗಾರರೊಬ್ಬರು ತೋಟ ನೋಡಲು ಬರುವವರಿದ್ದರು. ಪುಸ್ತಕ, ಕ್ಯಾಸೆಟ್ಟುಗಳಿಂದ ಸ್ಪ್ಯಾನಿಷ್ ಕಲಿತಿದ್ದ ನನ್ನನ್ನು ಮಾಲೀಕರು ದುಭಾಷಿಯಾಗಿ ಕರೆದರು. ನನ್ನ ಉದ್ದೇಶ ಬೇರೆಯಿತ್ತು. ನೀರಿನ ಮಾತು ಅತಿಥಿಯ ಬಾಯಿಂದ ಬಂದರೆ ಮಾಲೀಕರು ತಳ್ಳಿಹಾಕಲಾರರು. ಹಿಂದೆ ಕಾಲೇಜಿನ ಚರ್ಚಾಸ್ಪರ್ಧೆಗೆ ಸಿದ್ಧನಾಗುತ್ತಿದ್ದ ಹಾಗೆಯೇ ಲೈನಿನ ಜಗಲಿಯಲ್ಲಿ ಕುಳಿತು ಕ್ರಿಯಾಪದದ ರೂಪಗಳನ್ನು ಉರುಹೊಡೆದೆ. ‘ಆಬ್ಲೊ’ ಎಂದರೆ ಮಾತಾಡುತ್ತೇನೆ. ಕೊನೆಯ ‘ಒ’ ತೆಗೆದು ‘ಎ’ ಹಚ್ಚಿದರೆ ಹಾರೈಕೆಯ ರೂಪ: ಆಬ್ಲೆ, ಆಬ್ಲೆಸ್, ಆಬ್ಲೆ, ಆಬ್ಲೆಮೊಸ್, ಆಬ್ಲೆಯ್ಸ್, ಆಬ್ಲೆನ್.

“ಅದ್ಯಾವ ಮಂತ್ರ ಮೇಷ್ಟ್ರೇ? ದೆವ್ವ ಬಿಡಿಸ್ತೀರಾ?” ಎಂದರು ಹಿರಿಯಮ್ಮ.

ಇನ್ನೊಬ್ಬರು ಏನನ್ನಾದರೂ ಮಾಡಲಿ ಎಂದು ಬಯಸುವಾಗ, ಇನ್ನೂ ನಡೆಯದ ಆ ಕೆಲಸಕ್ಕೆ ಈ ರೂಪ ಬಳಸುತ್ತಾರೆಂದು ವಿವರಿಸಿದೆ.

“ನಡೀದೇ ಇರೋ ಕೆಲ್ಸಕ್ಕೇ ಅಂತ ಬೇರೆ ಮಾತೈತಾ? ಹಂಗಾರೆ ನಮ್ಮ ಸಾಹುಕಾರ್ರಿಗೆ ಮೊದ್ಲು ಕಲ್ಸಿ ಮಾರಾಯ್ರೆ.”

ಅತಿಥಿ ಮಾಲೀಕರ ಜೀಪಿನಲ್ಲಿ ಬಂದ ದಿನ, ತೋಟ ಸುತ್ತುತ್ತ ಮಾಲೀಕರು ನಾಲ್ಕು ಹೆಜ್ಜೆ ಮುಂದಿದ್ದಾಗ, ನೀರಿನ ವಿಷಯ ತಿಳಿಸಿ ನಾನು ಹೇಳಿದೆ: “ಕಿಯೆರೊ ಕೆ ಉಸ್ತೆದ್ ಆಬ್ಲೆ ಕೊನ್ ಎಲ್.” ತಾವು ಅವರೊಡನೆ ಮಾತಾಡಬೇಕೆಂದು ನನ್ನ ಇಚ್ಛೆ. ವಾಕ್ಯದಲ್ಲಿ ತಪ್ಪಿರಲಿಲ್ಲ. ಅತಿಥಿ ಗಮನವಿಟ್ಟು ಕೇಳಿದರು. ಇನ್ನೊಬ್ಬರ ಮನೆಗೆ ಬಂದು ಮನೆಯವರಿಗೆ ಬುದ್ಧಿ ಹೇಳುವುದು ತಮ್ಮ ಪದ್ಧತಿಯಲ್ಲ ಎಂದು ಮೆಲ್ಲಗೆ ಉತ್ತರಿಸಿದರು. ಇಂಥ ಉತ್ತರವೊಂದು ಇದ್ದೀತೆಂದು ನಾನು ಯೋಚಿಸಿಯೇ ಇರಲಿಲ್ಲ.

ಲೈನಿನ ಬಳಿ ಹಿರಿಯಮ್ಮ ದಾರಿಗೆ ಅಡ್ಡ ಬಂದು ಮಾಲೀಕರು, ಅತಿಥಿ ಇಬ್ಬರನ್ನೂ ಜಗಲಿಯಲ್ಲಿ ಕೂರಿಸಿದರು. ಅಲ್ಲಿ ಕೂತವರು ಬೆಲ್ಲದ ಕರಿಕಾಫಿ ಕುಡಿಯದೆ ಏಳುವಂತಿಲ್ಲ. ಆ ಮರ್ಯಾದೆಯನ್ನು ಮಾಲೀಕರೂ ಮೀರುತ್ತಿರಲಿಲ್ಲ.

“ಒಂದ್ಗಳಿಗೆ ಕೂತ್ಕಳಿ ಸಾಹುಕಾರ್ರೇ. ನೀರು ಆಗೋಗೈತೆ, ತಂದ್ಬುಡ್ತೀನಿ,” ಎಂದು ಖಾಲಿ ಬಿಂದಿಗೆ ಎತ್ತಿಕೊಂಡು ಅವರು ಹಳ್ಳಕ್ಕಿಳಿದರು.

ಅರ್ಧ ಗಂಟೆ ಕಳೆಯಿತು. ಅತಿಥಿ ಆ ಇಳಿಜಾರನ್ನೇ ನೋಡುತ್ತಿದ್ದರು. ಮಾಲೀಕರು ಅತಿಥಿಯ ಮುಖವನ್ನು. ಹಿರಿಯಮ್ಮ ಒಂದು ಕೈಯಲ್ಲಿ ಮಂಡಿ ಒತ್ತಿಕೊಂಡು ಏರಿ ಬರುವಾಗ ಮಾಲೀಕರು, ಕೂಲಿಯಾಳುಗಳ ಮೇಲ್ವಿಚಾರಕನಾದ ರೈಟರನ್ನು ಕರೆದು, ಬಂಗಲೆಯ ಪೈಪನ್ನು ಲೈನಿನವರೆಗೆ ಎಳೆಸಲು ಹೇಳಿದರು. ಕಾಫಿ ಬಂತು. ಅತಿಥಿ ಎರಡು ಲೋಟ ಕುಡಿದರು.

ವಾರದೊಳಗೆ ನಲ್ಲಿ ಬಂತು. ಅದರಡಿ ಬಿಂದಿಗೆಯಿಡುತ್ತಿದ್ದ ಹಿರಿಯಮ್ಮನನ್ನು ಕೇಳಿದೆ: “ಅವತ್ತು ಬೆಳಿಗ್ಗೆ ನಾನು ಬಂದಾಗ ಬಿಂದಿಗೆ ತುಂಬಿತ್ತಲ್ಲಮ್ಮ?”

“ತುಂಬಿತ್ತು ಕಣ್ರೀ,” ಎಂದರು. “ಜೀಪಿನ ಸದ್ದು ಕೇಳ್ತಲ್ಲ, ಕುಂಬಳದ ಬಳ್ಳಿಗೆ ಹುಯ್ದ್‌ಬುಟ್ಟೆ.”