ಆಯುಧಪೂಜೆಯಲ್ಲಿ ಮುರಿದ ಸೆವೆನ್ ಐರನ್

ಭಾವನ ಕಾರು ನನ್ನ ಗಾಲ್ಫ್ ಸ್ಟಿಕ್ ಮೇಲೆ ಹತ್ತಿದ್ದು ಆಯುಧಪೂಜೆಯ ದಿನ, ಮಂಗಳಾರತಿಯ ಕರ್ಪೂರ ಇನ್ನೂ ಆರಿರಲಿಲ್ಲ. ನೆನೆದರೆ ಈಗಲೂ ಮೈ ಉರಿಯುತ್ತದೆ. ಬರೆದುಬಿಟ್ಟರೆ ಮನಸ್ಸು ಹಗುರವಾಗುತ್ತದೆ ಎನ್ನುತ್ತಾರೆ. ನನಗೆ ಹಗುರವಾಗುವುದು ಬೇಕಾಗಿಲ್ಲ.

ನಮ್ಮದು ಗಾಲ್ಫ್ ಆಡುವ ಮನೆತನವಲ್ಲ. ಗೋವಿಂದರಾಜನಗರದ ಬಾಡಿಗೆ ಮನೆಯಲ್ಲಿ ಬ್ಲೌಸ್ ಹೊಲಿದು ಅಮ್ಮ ನನ್ನನ್ನೂ ಅಕ್ಕನನ್ನೂ ಓದಿಸಿದಳು. ಡಿಗ್ರಿ ಮುಗಿಸಿ ನಾನು ಊರಾಚೆ ಒಂದು ಗಾಲ್ಫ್ ಅಭ್ಯಾಸದ ಮೈದಾನದಲ್ಲಿ ಕೌಂಟರ್ ಕೆಲಸಕ್ಕೆ ಸೇರಿದೆ. ಬಂದವರಿಗೆ ಬುಟ್ಟಿಯಲ್ಲಿ ಚೆಂಡು ಕೊಡುವುದು, ಅವರು ಬೈದರೆ ನಗುವುದು, ಇಷ್ಟೇ ಕೆಲಸ. ಎಲ್ಲರೂ ಹೋದ ಮೇಲೆ ನಾನೂ ಹೊಡೆಯುತ್ತಿದ್ದೆ. ಕೈ ಕುದುರಿತು. ಹಳೇ ಸ್ಟಿಕ್‌ಗಳನ್ನು ಒಂದೊಂದಾಗಿ ಕೊಂಡು ಸೆಟ್ ಮಾಡಿಕೊಂಡೆ. ಆ ವರ್ಷ ದಸರೆ ಮುಗಿದ ಮರುವಾರವೇ ನನಗೆ ಕೋಚ್ ಪರೀಕ್ಷೆ, ಮೈದಾನಕ್ಕಿಳಿದು ಆಡಿ ತೋರಿಸಬೇಕು. ಪಾಸಾದರೆ ಆಟ ಕಲಿಸುವ ಕೆಲಸ, ಇಲ್ಲದಿದ್ದರೆ ಅದೇ ಕೌಂಟರು, ಅದೇ ಬುಟ್ಟಿ.

ಅಮ್ಮನಿಗೆ ಇದು ಗೊತ್ತಿತ್ತು. ಅದಕ್ಕೇ ಹಬ್ಬದ ಬೆಳಿಗ್ಗೆ ಅವಳೇ ನನ್ನ ಬ್ಯಾಗಿನಿಂದ ಒಂದು ಸ್ಟಿಕ್ ಎಳೆದು ತಂದಳು. ಅವಳ ಕೈಗೆ ಸಿಕ್ಕಿದ್ದು ಸೆವೆನ್ ಐರನ್, ನಾನು ಎಲ್ಲಕ್ಕಿಂತ ಹೆಚ್ಚು ನಂಬಿದ್ದ ಸ್ಟಿಕ್. "ಇದು ನಿನ್ನ ಆಯುಧ ಅಲ್ವೇನೇ" ಎಂದು, ಹೊಲಿಗೆ ಕತ್ತರಿ, ಈಳಿಗೆಮಣೆಯ ಜೊತೆ ಭಾವನ ಕಾರಿನ ಮುಂದೆ ರಂಗೋಲಿಯ ಮೇಲಿಟ್ಟು ಅರಿಶಿನ ಕುಂಕುಮ ಹಚ್ಚಿದಳು. ಅಷ್ಟು ದಿನ ಅವಳ ಬಾಯಲ್ಲಿ ಅದು ಬರೀ ಕೋಲಾಗಿತ್ತು.

ಭಾವ ಲಗ್ಗೆರೆಯವರು. ಅಪ್ಪ ಇಲ್ಲದ ಮನೆಗೆ ದೊಡ್ಡ ಅಳಿಯ. ಹಬ್ಬಕ್ಕೆ ಅವರೂ ಅಕ್ಕನೂ ಬಂದರೆ ಅಮ್ಮ ಅವರೆದುರು ಜೋರಾಗಿ ಕೆಮ್ಮುವುದೂ ಇಲ್ಲ. ಕಾರಿಗೆ ಬಾಳೆಕಂದು ಕಟ್ಟಿ, ಚಕ್ರಗಳಡಿ ನಿಂಬೆಹಣ್ಣಿಟ್ಟು, ಬೂದುಗುಂಬಳಕಾಯಿ ಒಡೆದದ್ದಾಯಿತು. ರಾಹುಕಾಲ ಬಂದುಬಿಡುತ್ತದೆಂದು ಅವರಿಗೆ ಅವಸರ. ಸ್ಟಿಕ್ ತೆಗೆಯುವ ತನಕ ತಡೆಯಿರಿ ಭಾವ ಎಂದೆ. ಕಿಟಕಿಯಿಂದ ಕತ್ತು ಚಾಚಿ ನೋಡಿ, ಚಕ್ರಗಳ ಮಧ್ಯೆ ಇದೆ, ಏನೂ ಆಗಲ್ಲ ಎಂದರು. ನಾನು ಬಗ್ಗುವಷ್ಟರಲ್ಲಿ ಬಿಟ್ಟೇಬಿಟ್ಟರು. ನಿಂಬೆಹಣ್ಣು ಪಚಕ್ಕೆಂದಿತು, ಅದರ ಹಿಂದೆಯೇ ನನ್ನ ಸ್ಟಿಕ್ ಲಟಕ್ಕೆಂದಿತು.

ಕಬ್ಬಿಣದ ತಲೆಗೆ ಏನೂ ಆಗಿರಲಿಲ್ಲ. ಮುರಿದದ್ದು ಶಾಫ್ಟ್, ಹಿಡಿಗೂ ತಲೆಗೂ ನಡುವಿನ ಕಪ್ಪು ಕಾರ್ಬನ್ ಕಡ್ಡಿ. ಭಾವ ಇಳಿದು ಮೊದಲು ನೋಡಿದ್ದು ಟೈರನ್ನು. ಆಮೇಲೆ ನನ್ನ ಕೈಯಲ್ಲಿದ್ದ ಎರಡು ತುಂಡು ನೋಡಿ, ದೃಷ್ಟಿಯೆಲ್ಲ ಅದರ ಮೇಲೆ ಹೋಯಿತು ಬಿಡು, ಕಾರು ಉಳಿಯಿತು ಎಂದರು. ಅಮ್ಮ ಹೌದೆನ್ನುವಂತೆ ತಲೆಯಾಡಿಸಿದಳು. ನನಗೆ ಬೇಕಿದ್ದದ್ದು "ಸಾರಿ" ಎನ್ನುವ ಒಂದೇ ಒಂದು ಮಾತು. ಅದರ ಬದಲು ಅಮ್ಮ ನನ್ನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಹೋದಳು. "ಅಳಿಯಂದ್ರಿಗೆ ಏನೂ ಅನ್ಬೇಡ ಕಣೇ, ಹಬ್ಬದ ದಿನ" ಎಂದಳು. ಬೆಳಿಗ್ಗೆ ಆಯುಧವಾಗಿದ್ದದ್ದು ಮಧ್ಯಾಹ್ನಕ್ಕೆ ಮತ್ತೆ ಕೋಲಾಯಿತು.

ಶಾಫ್ಟ್ ಬದಲಿಸುವುದು ದೊಡ್ಡ ವಿದ್ಯೆಯೇನಲ್ಲ. ತಲೆಯ ಕತ್ತಿಗೆ ಬಿಸಿ ಕೊಟ್ಟರೆ ಒಳಗಿನ ಅಂಟು ಬಿಡುತ್ತದೆ. ಹಳೇ ತುಂಡು ಎಳೆದು, ಒಳಗೆ ಕೆರೆದು, ಅದೇ ತೂಕದ, ಅಷ್ಟೇ ಬಳುಕುವ ಹೊಸ ಶಾಫ್ಟ್ ಕೂರಿಸಿ, ಅಂಟು ಗಟ್ಟಿಯಾಗಲು ಬಿಡಬೇಕು. ನಮ್ಮ ಮೈದಾನದ ರಿಪೇರಿಯವರಿಗೆ ಫೋನ್ ಮಾಡಿದೆ. ಅವರ ಸಾಮಾನೂ ಪೂಜೆಗೆ ಕೂತಿತ್ತು, ಆವತ್ತು ಮುಟ್ಟುವ ಹಾಗಿಲ್ಲ. ಹೊಂದುವ ಶಾಫ್ಟ್ ಒಂದಿದೆ, ನಾಳೆ ಸಂಜೆಯೊಳಗೆ ತನ್ನಿ, ಆಮೇಲೆ ಊರಿಗೆ ಹೊರಡುತ್ತೇನೆ ಎಂದರು.

ಮರುದಿನ ಎದ್ದು ನೋಡಿದರೆ ಎರಡು ತುಂಡೂ ಇಲ್ಲ. ಭಾವ ಬೆಳಗಾಗುತ್ತಲೇ ಅವನ್ನೆತ್ತಿಕೊಂಡು ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಲೇತ್ ಇಟ್ಟಿರುವ ತಮ್ಮ ಸ್ನೇಹಿತರ ಹತ್ತಿರ ಹೋಗಿದ್ದರು. ಒಂದು ಮಾತು ನನ್ನನ್ನು ಕೇಳಿರಲಿಲ್ಲ. ಊಟದ ಹೊತ್ತಿಗೆ ಸ್ಟಿಕ್ ಹಿಡಿದು ಗೆದ್ದು ಬಂದವರ ಹಾಗೆ ಒಳಗೆ ಬಂದರು. ಕಡ್ಡಿಯ ಒಳಗೆ ತುದಿಯಿಂದ ತುದಿಗೆ ಉಕ್ಕಿನ ಸರಳು, ಮುರಿದ ಜಾಗಕ್ಕೆ ಹೊಳೆಯುವ ಸ್ಟೀಲ್ ಬಳೆ. ವಿಜಯದಶಮಿಗೆ ಮೆಷಿನ್ ಶುರು ಮಾಡಿ ಮಾಡಿದ ಮೊದಲನೇ ಕೆಲಸವಂತೆ. "ಇನ್ನು ಲಾರಿ ಹತ್ತಿದ್ರೂ ಮುರಿಯಲ್ಲ" ಎಂದರು. ಮೊದಲನೇ ಕೆಲಸ ಎಂದು ಕೇಳಿದ್ದೇ ತಡ, ಅಮ್ಮ ಅದಕ್ಕೆ ಮತ್ತೊಮ್ಮೆ ಕುಂಕುಮವಿಟ್ಟಳು.

ಮಹಡಿ ಮೇಲೆ ಒಯ್ದು ಒಂದು ಸಲ ಬೀಸಿ ನೋಡಿದೆ. ಒನಕೆ ಬೀಸಿದ ಹಾಗಾಯಿತು, ಮಣಿಕಟ್ಟು ಝುಮ್ಮೆಂದಿತು. ಬಳುಕಬೇಕಾದದ್ದು ಬಳುಕದಿದ್ದರೆ ಚೆಂಡು ಎಲ್ಲಿಗೆ ಹೋಗುತ್ತದೋ ದೇವರಿಗೇ ಗೊತ್ತು. ಕೆಳಗೆ ಬಂದು, ಇದು ನಡೆಯುವುದಿಲ್ಲ, ಸಂಜೆ ಶಾಫ್ಟ್ ಬದಲಿಸುತ್ತೇನೆ ಎಂದೆ. ಅಳಿಯಂದಿರು ಅಷ್ಟು ಕಷ್ಟಪಟ್ಟಿದ್ದಾರೆ, ಪರೀಕ್ಷೆಗೆ ಇದನ್ನೇ ಒಯ್ದು ಆಮೇಲೆ ಬೇಕಾದರೆ ಬದಲಿಸು ಎಂದು ಅಮ್ಮ ಗೋಗರೆದಳು. ನನ್ನ ಪರೀಕ್ಷೆ ಹಾಳಾದರೂ ಸರಿ, ಅವರ ಮುಖ ಬಾಡಬಾರದು.

ಭಾವ ಎಲೆ ಮುಂದೆ ಕೂತು ಹೋಳಿಗೆ ಮುರಿಯುತ್ತ ನಕ್ಕರು. "ಆಟದ ಸಾಮಾನಿಗೆಲ್ಲಾ ಹಿಂಗೆ ಮುಖ ಊದಿಸ್ಕೊಂಡ್ರೆ ಹೆಂಗಮ್ಮಾ?"

ನಾನು ಸ್ಟಿಕ್ ಎತ್ತಿಕೊಂಡು ಅಡುಗೆಮನೆಗೆ ಹೋದೆ. ಅದನ್ನು ಹಾಗೇ ರಿಪೇರಿಯವರ ಹತ್ತಿರ ಒಯ್ಯಬಹುದಿತ್ತು. ಆದರೆ ನನಗೆ ಅದನ್ನು ಅಲ್ಲೇ, ಅವರು ಉಣ್ಣುತ್ತಿರುವಾಗಲೇ ಕೀಳಬೇಕಿತ್ತು. ಗ್ಯಾಸ್ ಹಚ್ಚಿ ಉರಿಗೆ ಅದರ ಕತ್ತು ಹಿಡಿದೆ. ಅಂಟು ಸುಟ್ಟ ಘಾಟು ತುಪ್ಪದ ವಾಸನೆಯನ್ನು ನುಂಗಿಕೊಂಡು ನಡುಮನೆಗೆ ಹೋಯಿತು. ಭಾವ ಕೆಮ್ಮುತ್ತ ಎಲೆ ಬಿಟ್ಟು ಎದ್ದದ್ದು ಕೇಳಿಸಿತು. ಹಬ್ಬದ ದಿನ ಅಳಿಯ ಅರ್ಧ ಊಟದಲ್ಲಿ ಎದ್ದರೆ ನಮ್ಮಲ್ಲಿ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಅಮ್ಮ ಅಳತೊಡಗಿದಳು. ಹೋಗಿ ಬುದ್ಧಿ ಹೇಳು ಎಂದು ಭಾವ ಅಕ್ಕನನ್ನು ಒಳಗೆ ಕಳಿಸಿದರು.

ಅಕ್ಕ ಬಂದವಳೇ ಬಾಗಿಲಿನ ಚಿಲಕ ಹಾಕಿದಳು. ಬೈಗುಳಕ್ಕೆ ನಾನು ಉತ್ತರ ಹುಡುಕಿಕೊಳ್ಳುತ್ತಿದ್ದೆ. ಅವಳು ಇಕ್ಕಳ ತೆಗೆದು ಕಾದ ತಲೆಯನ್ನು ಗಟ್ಟಿಯಾಗಿ ಹಿಡಿದಳು.

"ಸಾರಿ ಅನ್ನಲ್ಲ ಕಣೇ ಅವ್ರು" ಎಂದಳು ಮೆಲ್ಲಗೆ. "ನಂಗೂ ಯಾವತ್ತೂ ಅಂದಿಲ್ಲ. ಎಳಿ."

ಎಳೆದೆ. ತಿರುಚಿ ಎಳೆದೆ. ಸರಳು ಸಮೇತ ಕಿತ್ತು ಬಂತು. ಅಕ್ಕ ಸೆರಗಿನಲ್ಲಿ ಬೆವರು ಒರೆಸಿಕೊಂಡು ಚಿಲಕ ತೆಗೆದು ಹೊರಗೆ ಹೋದಳು. ಹೇಳಿದರೂ ಕೇಳಲಿಲ್ಲ ಎಂದು ಗಂಡನಿಗೆ ಹೇಳಿದಳಂತೆ. ಸಂಜೆ ಹೊಸ ಶಾಫ್ಟ್ ಕೂತಿತು. ಪರೀಕ್ಷೆಯಲ್ಲಿ ಸೆವೆನ್ ಐರನ್ ನಾನು ಹೇಳಿದ ಹಾಗೆ ಕೇಳಿತು. ಪಾಸಾದೆ.

ಕೆಲವು ತಿಂಗಳಾದ ಮೇಲೆ ಕೆಂಗೇರಿಯಲ್ಲಿ ಭಾವನ ತಂಗಿಯ ಗೃಹಪ್ರವೇಶ. ಊಟದ ಪಂಕ್ತಿಯಲ್ಲಿ ಯಾರೋ ನನ್ನ ಕೋಚ್ ಕೆಲಸದ ಮಾತೆತ್ತಿದರು. ಭಾವ ತಮ್ಮ ಕಡೆಯವರಿಗೆಲ್ಲ ಕೇಳುವ ಹಾಗೆ, ಸ್ಟಿಕ್ ಮುರಿದು ಅಳುತ್ತ ಕೂತಿದ್ದಳು, ನಾನು ರಿಪೇರಿ ಮಾಡಿಸಿಕೊಟ್ಟ ಸ್ಟಿಕ್ಕಲ್ಲೇ ಪಾಸಾದಳು ಎಂದರು. ನನ್ನ ನೆತ್ತಿಗೆ ಬೆಂಕಿ ಹತ್ತಿತು. ಬಾಯಿ ತೆರೆಯುವಷ್ಟರಲ್ಲಿ ಪಕ್ಕದಲ್ಲಿದ್ದ ಅಮ್ಮ ನನ್ನ ತೊಡೆ ಚಿವುಟಿದಳು.

ಭಾವನ ಆಚೆ ಪಕ್ಕ ಅಕ್ಕ ಕೂತಿದ್ದಳು. ಎಲೆಯಿಂದ ತಲೆ ಎತ್ತಲಿಲ್ಲ.

"ಅದನ್ನ ಆವತ್ತೇ ಅಡುಗೆಮನೇಲಿ ಕಿತ್ತು ಬಿಸಾಕಿದ್ವಿ ಕಣ್ರೀ" ಎಂದಳು. "ನಾನೇ ಇಕ್ಕಳದಲ್ಲಿ ಹಿಡ್ಕೊಂಡಿದ್ದೆ."

ಆಮೇಲೆ ಸಾರು ಬಡಿಸುತ್ತಿದ್ದವರನ್ನು ಕರೆದು, ಇನ್ನೊಂದು ಸೌಟು ಹಾಕಿಸಿಕೊಂಡಳು.