ತಲೆ ಎತ್ತಡ

ಮಾವನ ಒಂದು ಕೈ ಬೆಳ್ಳಗಿತ್ತು, ಇನ್ನೊಂದು ಕಪ್ಪು. ಮಣಿಕಟ್ಟಿನ ಹತ್ತಿರ ಗೆರೆ ಎಳೆದ ಹಾಗೆ ಬಣ್ಣ ಬದಲಾಗುತ್ತಿತ್ತು. ಬೆಳ್ಳಗಿದ್ದದ್ದು ಬಲಗೈ ಎಂದು ನನ್ನ ನೆನಪು. ಆದರೆ ಅವನಂತೆ ಬಲಗೈಯಲ್ಲಿ ಗಾಲ್ಫ್ ಆಡುವವರು ಗವಸು ಹಾಕುವುದು ಎಡಗೈಗೆ; ಬಿಸಿಲು ತಾಗದೆ ಉಳಿಯುವುದು ಅದೇ. ಇಷ್ಟು ಸಣ್ಣದರಲ್ಲಿ ತಪ್ಪುವ ನೆನಪನ್ನು ಉಳಿದದ್ದಕ್ಕೆ ಹೇಗೆ ನಂಬಲಿ? ಅವನ ಬದುಕನ್ನು ಮುರಿದ ಆ ಬೆಳಿಗ್ಗೆ ನಿಜವಾಗಿ ಏನಾಯಿತು ಎಂಬುದೂ ನನಗೆ ಬಹಳ ಕಾಲ ಖಚಿತವಿರಲಿಲ್ಲ.

ಅವನು ಅಮ್ಮನ ತಮ್ಮ. ಸಿದ್ದಾಪುರದಲ್ಲಿ ಹೈಸ್ಕೂಲು ಮುಗಿಸಿ ಬೆಂಗಳೂರಿನ ಒಂದು ಗಾಲ್ಫ್ ಕ್ಲಬ್ಬಿನ ಅಡುಗೆಮನೆ ಸೇರಿದ. ಅಲ್ಲಿಂದ ಮೈದಾನಕ್ಕಿಳಿದು ಆಟಗಾರರ ಚೀಲ ಹೊತ್ತು, ಆಡಲು ಕಲಿತು, ಕೊನೆಗೆ ಕಲಿಸುವವನೇ ಆದ. ಚೆಂಡು ಎಲ್ಲಿ ಹೋಯಿತೆಂದು ನೋಡುವ ಆತುರಕ್ಕೆ ಕಲಿಯುವವರು ಹೊಡೆಯುವ ಮೊದಲೇ ತಲೆ ಎತ್ತುತ್ತಾರೆ, ಹೊಡೆತ ಕೆಡುತ್ತದೆ. ದಿನವಿಡೀ ಅವನು ತಿದ್ದುತ್ತಿದ್ದದ್ದು ಅದನ್ನೇ. ಇಂಗ್ಲಿಷಿನಲ್ಲಿ ಶುರುವಾದ ಪಾಠ ಸಿಟ್ಟು ಬಂದಾಗ ಮನೆಮಾತಿಗೆ ಹೊರಳುತ್ತಿತ್ತು: "ತಲೆ ಎತ್ತಡ!" ಎತ್ತಬೇಡ ಎನ್ನುವುದಕ್ಕೆ ನಮ್ಮ ಮನೆಗಳಲ್ಲಿ ಹಾಗೆನ್ನುತ್ತೇವೆ. ನಿವೃತ್ತ ಸೇನಾಧಿಕಾರಿಯೊಬ್ಬರು ಅದು ಗಾಲ್ಫ್ ಹುಟ್ಟಿದ ಸ್ಕಾಟ್ಲೆಂಡಿನ ಶಬ್ದವೆಂದು ತಿಳಿದು ಬೇರೆಯವರಿಗೂ ಕಲಿಸಿದ್ದರಂತೆ. "ಸ್ಕಾಟ್ಲೆಂಡೇಯಾ, ಸಿದ್ದಾಪುರ ಪೇಟೆ ದಾಟಿ ಎಡಕ್ಕೆ" ಎಂದು ಮಾವ ನಗುತ್ತಿದ್ದ.

ಅದೇ ಮೈದಾನದಲ್ಲಿ ಕಳೆ ಕೀಳಲು ಬರುತ್ತಿದ್ದ ಹೆಂಗಸೊಬ್ಬಳು ಗುಡ್ನಾಪುರದವಳು. ಶಿರಸಿ ತಾಲೂಕಿನವಳು ಎಂದು ತಿಳಿದ ದಿನದಿಂದ ಮಾವ ಅವಳೊಡನೆ ಊರ ಸುದ್ದಿ ಮಾತಾಡುತ್ತಿದ್ದ. ಒಂದು ಬೆಳಿಗ್ಗೆ ಶಿಷ್ಯನೊಬ್ಬ ಹೊಡೆದ ಚೆಂಡು ದಿಕ್ಕು ತಪ್ಪಿ, ಕೂತು ಕಳೆ ಕೀಳುತ್ತಿದ್ದ ಅವಳತ್ತ ಹಾರಿತು. ಅಂಥ ಹೊತ್ತಿನಲ್ಲಿ "ಫೋರ್" ಎಂದು ಕೂಗುವುದು ಆಟದ ರೂಢಿ. ಕೇಳಿದವರು ತಲೆ ಮುಚ್ಚಿಕೊಳ್ಳುತ್ತಾರೆ. ಊರವಳೆಂಬ ಸಲಿಗೆಗೋ ಏನೋ, ಮಾವನ ಬಾಯಿಂದ ಬಂದದ್ದು "ತಲೆ ಎತ್ತಡ!" ಶಿರಸಿಯೆಂದರೆ ಎಲ್ಲ ಒಂದೇ ಮಾತು ಎಂದು ಅವನು ತಿಳಿದಿದ್ದ. ಗುಡ್ನಾಪುರದ ಅವಳ ಕೇರಿಯಲ್ಲಿ ಆ ಮಾತಿಲ್ಲ. ಎತ್ತು ಎಂದೇ ತಿಳಿದು ಅವಳು ತಲೆ ಎತ್ತಿದಳು. ಒಂದು ಕಣ್ಣು ಹೋಯಿತು.

ಇದು ಮಾವ ಹೇಳುತ್ತಿದ್ದದ್ದು. ಆ ವರ್ಷವೇ ಅವನು ಕೆಲಸ ಬಿಟ್ಟು ಯಲ್ಲಾಪುರದ ಕಡೆ, ವಜ್ರಳ್ಳಿಯ ನಮ್ಮ ಮನೆಗೆ ಬಂದ. ಮನೆ ಹಿಂದಿನ ಬೇಣದ ಹುಲ್ಲುಗಾವಲು ಸವರಿ ನನಗೂ ಆಟ ಕಲಿಸಿದ. ಆದರೆ ಕಲಿಸುವಾಗ ಮಾತೇ ಇಲ್ಲ. ಎದುರು ನಿಂತು ಕೈ ಚಾಚಿ ನನ್ನ ನೆತ್ತಿಯ ಮೇಲೆ ಅಂಗೈ ಇಡುತ್ತಿದ್ದ. ಈಗಲೂ ಬೂಟಿನ ದಾರ ಕಟ್ಟಲು ಬಗ್ಗಿದರೆ ನೆತ್ತಿಯ ಮೇಲೆ ಆ ಭಾರ ಬಂದು ಕೂರುತ್ತದೆ.

ಧಾರವಾಡದಲ್ಲಿ ಮನಶ್ಶಾಸ್ತ್ರ ಓದುತ್ತಿದ್ದ ಕಾಲದಲ್ಲಿ ಅವನು ಕೂಗಿದ್ದು "ಫೋರ್" ಎಂದೇ ಇರಬಹುದು ಎಂದು ನಾನು ವಾದಕ್ಕಿಳಿದೆ. "ಮಾವ, ನೀನು ಹೇಳ್ದಾಗೆಲ್ಲ ಹವೆ ಬೇರೆ. ಒಂದ್ಸಲ ಬಿಸಿಲು, ಒಂದ್ಸಲ ಜಿನುಗು ಮಳೆ. ಆ ಮಾತೂ ಆಮೇಲೆ ಸೇರ್ಕಂಡಿದ್ದಿಕ್ಕು. ನೀನು ಫೋರ್ ಹೇಳೇ ಕೂಗಿದ್ದಿಕ್ಕು."

"ನಿಂಗೆ ಓದಿದ್ದು ಹೆಚ್ಚಾತು ತಮಾ. ಅಲ್ಲಿ ನಿಂತವ ಆನು" ಎಂದ. ಹುಲ್ಲಿನಿಂದ ಚೆಂಡು ಹೆಕ್ಕುತ್ತ ಕೇಳಿದ: "ಫೋರ್ ಹೇಳೇ ಕೂಗಿದ್ದಿಕ್ಕಾ?"

ಆಮೇಲೆ ನಾನು ಊರಿಗೆ ಹೋದಾಗಲೆಲ್ಲ ಅವನಿಗೆ ಆ ವಾದ ಮತ್ತೆ ಕೇಳಬೇಕಿತ್ತು.

ಒಮ್ಮೆ ಅವನೇ ಹೇಳಿದ, ಅವಳು ಊರಿಗೆ ಮರಳಿದ್ದಾಳಂತೆ, ಅಂದು ಏನು ಕೇಳಿಸಿತೆಂದು ಕೇಳಿಬಿಡೋಣ ಎಂದು. ಬೈಕಿನ ಹಿಂದೆ ಕೂರಿಸಿಕೊಂಡು ಹೊರಟೆ. ಗುಡ್ನಾಪುರದ ಕೆರೆ ಏರಿಯ ಮೇಲೆ ಬೈಕು ನಿಲ್ಲಿಸಲು ಹೇಳಿ ಇಳಿದ. ಬಟ್ಟೆ ಒಗೆಯುತ್ತಿದ್ದ ಹೆಂಗಸರ ಕಡೆ ನೋಡಿದ, ತಕ್ಷಣ ಮುಖ ತಿರುಗಿಸಿಕೊಂಡ.

"ಕೇಳಿ, ಎತ್ತಡ ಹೇಳಿದ್ದು ಹೌದು ಹೇಳಿಬಿಟ್ರೆ ಎಂತ ಮಾಡದು? ತಿರುಗ್ಸು ಗಾಡಿ."

ತಿರುಗಿಸಿದೆ.

ಕೊನೆಯ ಕಾಯಿಲೆಯಲ್ಲಿ ಶಿರಸಿಯ ಆಸ್ಪತ್ರೆಗೆ ಸೇರಿಸಿದ್ದೆವು. ವಾರ್ಡಿನ ಬಾಗಿಲು ತೆರೆದು ಯಾರು ಒಳಬಂದರೂ "ಫೋರ್! ಫೋರ್!" ಎಂದು ಕೂಗುತ್ತಿದ್ದ. "ನಾಲ್ಕು ಏನು ಬೇಕಂತೆ ಇವರಿಗೆ?" ಎಂದು ನರ್ಸು ನನ್ನನ್ನು ಕೇಳಿದಳು. ಕೂಗು ನಿಂತ ದಿನ ಮಾವ ತೀರಿಕೊಂಡ.

ಕೆಲವು ತಿಂಗಳ ನಂತರ ನಾನೊಬ್ಬನೇ ಗುಡ್ನಾಪುರಕ್ಕೆ ಹೋದೆ. ಅವಳು ಜಗುಲಿಯಲ್ಲಿ ಕೂತು ಅಕ್ಕಿ ಕೇರುತ್ತಿದ್ದಳು. ನಾನಾಗಿ ಯಾವ ಮಾತನ್ನೂ ಅವಳ ಬಾಯಿಗೆ ಹಾಕಬಾರದೆಂದು, ಅಂದು ಏನು ಕೇಳಿಸಿತು ಎಂದಷ್ಟೇ ವಿಚಾರಿಸಿದೆ.

"ಮಾಸ್ತರು ಒದರಿದ್ರಲ್ರೀ, ತಲಿ ಎತ್ತಂತ. ಎತ್ತಿದೆ" ಎಂದಳು. ಮೊರ ಪಕ್ಕಕ್ಕಿಟ್ಟಳು. "ಅವ್ರ ಮಾತಿನ್ಯಾಗ ಅದು ಬ್ಯಾರೆ ಅಂತ ಆಮ್ಯಾಲೆ ಯಾರೋ ಹೇಳಿದ್ರು. ಒಮ್ಮೆರ ಬಂದು ಮಾತಾಡಿಸ್ತಾರ ಅಂತ ಮಾಡಿದ್ದೆ, ಬರಲಿಲ್ಲ. ಅರಾಮ ಅದಾರೇನ್ರಿ?"

ಹೋದರು ಎಂದೆ. ಅವಳು ಮೊರವನ್ನು ಮತ್ತೆ ಮಡಿಲಿಗೆ ಎಳೆದುಕೊಂಡಳು.

ಇಲ್ಲಿ ಬರೆದದ್ದರಲ್ಲಿ ನಾನು ವಿಚಾರಿಸಿ ಖಚಿತಪಡಿಸಿಕೊಂಡದ್ದು ಇದೊಂದೇ: ಮಾವ ಅಂದು "ಫೋರ್" ಎಂದು ಕೂಗಿರಲಿಲ್ಲ.