ಹೊಂಗೆಯ ಬುಡಕ್ಕೆ ಹಾಕಿಸಿದ ಸಿಮೆಂಟು

ಕುವೆಂಪುನಗರದ ನಮ್ಮ ಬೀದಿ ಇಳಿಜಾರಿನದು. ನಮ್ಮ ಮನೆ ಮೇಲ್ಗಡೆ ಇದೆ. ಬೀದಿಯ ಕೊನೆಯ ತಗ್ಗಿನಲ್ಲಿ ಒಬ್ಬ ಅಜ್ಜಿ ಇದ್ದಾರೆ. ಹಳ್ಳಿಯಲ್ಲಿ ಬೇಸಾಯ ಮಾಡಿಕೊಂಡಿದ್ದವರು, ಈಗ ಮಗಳ ಜೊತೆ ನೆಲೆಸಿದ್ದಾರೆ. ಆಗೆಲ್ಲ ನಮ್ಮಿಬ್ಬರದು ಗೇಟಿನ ಬಳಿ ನಕ್ಕು ಮುಂದೆ ಹೋಗುವಷ್ಟೇ ಪರಿಚಯ.

ನಮ್ಮ ಕಾಂಪೌಂಡಿಗೂ ರಸ್ತೆಗೂ ನಡುವೆ ಒಂದು ಪಟ್ಟಿ ಮಣ್ಣು, ಅದರಲ್ಲೊಂದು ಹೊಂಗೆ ಮರ. ಬೇಸಿಗೆಯಲ್ಲಿ ಶಾಲೆಯಲ್ಲಿ ಪಾಠ ಹೇಳಿ ಮುಗಿಸಿ ಸ್ಕೂಟರಿನಲ್ಲಿ ಬಂದು ಅದರ ನೆರಳಿಗೆ ತಿರುಗಿದೊಡನೆ ಬೇರೆಯೇ ಗಾಳಿ ಮೈಗೆ ಸೋಕುತ್ತಿತ್ತು. ಹೂ ಉದುರುವ ದಿನಗಳಲ್ಲಿ ನೆಲವೆಲ್ಲ ತಿಳಿನೇರಳೆ. ತಲೆಯ ಮೇಲೆ ಜೇನ್ನೊಣಗಳ ಸದ್ದು ಕೇಳುತ್ತ, ಹೆಲ್ಮೆಟ್ ತೆಗೆಯುವುದನ್ನೂ ಮರೆತು ನಿಂತುಬಿಡುತ್ತಿದ್ದೆ. ಆ ತಂಪು ಎಲ್ಲಿಂದ ಬರುತ್ತದೆಂದು ಒಮ್ಮೆಯೂ ಯೋಚಿಸಿದವಳಲ್ಲ.

ಮಳೆಗಾಲದಲ್ಲಿ ಮಾತ್ರ ಆ ಮಣ್ಣು ಕಂಡರೆ ನನಗಾಗುತ್ತಿರಲಿಲ್ಲ. ಕೆಸರು ಹಾಲ್‌ವರೆಗೂ ಬರುತ್ತಿತ್ತು. ಒಂದು ರಜೆಯಲ್ಲಿ ಗಾರೆ ಕೆಲಸದವರನ್ನು ಕರೆಸಿ ಮರದ ಬುಡ ಮುಟ್ಟುವಂತೆ ಸಿಮೆಂಟು ಹಾಕಿಸಿದೆ. ಅದರ ಅಚ್ಚುಕಟ್ಟು ನೋಡಿ ಅಕ್ಕಪಕ್ಕದ ನಾಲ್ಕೈದು ಮನೆಯವರೂ ಹಾಗೇ ಮಾಡಿಸಿದರು. ನನಗೆ ಹೆಮ್ಮೆ.

ಮುಂದಿನ ಮಳೆಗಾಲದಲ್ಲಿ ಒಂದು ಸಂಜೆ ಜೋರು ಮಳೆ ಬಂತು. ಮಹಡಿಯ ಕಿಟಕಿಯಲ್ಲಿ ಕೂತು ನೋಡುತ್ತಿದ್ದೆ. ನೀರು ಸಿಮೆಂಟಿನ ಮೇಲೆ ತೆಳುವಾದ ರೇಷ್ಮೆಯಂತೆ ಜಾರಿ, ಬೀದಿದೀಪದ ಹಳದಿ ಬೆಳಕನ್ನು ಹೊತ್ತುಕೊಂಡು ಕೆಳಗೆ ಹೋಗುತ್ತಿತ್ತು. ಎಷ್ಟು ಹೊತ್ತು ಹಾಗೆ ಮೈಮರೆತಿದ್ದೆನೋ. ಅದು ಹೋಗಿ ಸೇರಿದ್ದೆಲ್ಲಿಗೆಂದು ತಿಳಿದದ್ದು ಬೆಳಿಗ್ಗೆ.

ಅಜ್ಜಿಯ ಮನೆ ಮುಂದೆ ಒದ್ದೆ ಹಾಸಿಗೆಗಳು ಬಿದ್ದಿದ್ದವು. ಅವರು ನೆನೆದ ರಾಗಿಯನ್ನು ಹಳೆಯ ಸೀರೆಯ ಮೇಲೆ ಹರವುತ್ತಿದ್ದರು. ಮೋರಿ ಕಟ್ಟಿಕೊಂಡಿರಬೇಕು ಎಂದೆ. ಅವರು ಬೀದಿಯ ಮೇಲ್ಗಡೆ ಒಮ್ಮೆ ನೋಡಿದರು.

"ಮೋರಿ ಮೊದಲಿನಂಗೇ ಐತೆ ಕಣವ್ವ. ಮಣ್ಣು ನೀರು ಕುಡೀತಿತ್ತು. ನೀವೆಲ್ಲ ಅದರ ಬಾಯಿ ಮುಚ್ಚಿಬುಟ್ರಿ."

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲವೇನೋ. ಪಕ್ಕದಲ್ಲಿ ಕೂತು ನಾನೂ ರಾಗಿ ಹರವಿದೆ.

ಆ ವಾರವೇ ಸಿಮೆಂಟು ಒಡೆಸಿದೆ. ಅಡಿಯ ಮಣ್ಣು ಬೂದಿಯ ಹಾಗೆ ಒಣಗಿತ್ತು. ಅಜ್ಜಿ ನಿಧಾನವಾಗಿ ಮೇಲೆ ಹತ್ತಿ ಬಂದು, ನೀರು ನಿಂತು ಇಂಗುವಂತೆ ಎಲ್ಲಿ ತಗ್ಗು ಮಾಡಬೇಕು, ಎಲ್ಲಿ ಬದು ಕಟ್ಟಬೇಕು ಎಂದು ಕೋಲಿನಿಂದ ಗೆರೆ ಎಳೆದು ತೋರಿಸಿದರು. ಮಣ್ಣು ಕೊಚ್ಚಿಹೋಗದಂತೆ ಬದುವಿನ ಮೇಲೆ ನಿಂಬೆ ಘಮದ ಮಜ್ಜಿಗೆಹುಲ್ಲು ನೆಟ್ಟೆವು.

ಭಾನುವಾರ ಪಾರ್ಕಿನಲ್ಲಿ ಬಡಾವಣೆಯವರ ಸಭೆಯಿತ್ತು. ಮೋರಿಯನ್ನು ಅಗಲ ಮಾಡಿಸಬೇಕೆಂದು ಎಲ್ಲರ ಮಾತು. ದಿನವೂ ಮಕ್ಕಳ ಮುಂದೆ ಮಾತಾಡುವವಳಾದರೂ ಎಲ್ಲರ ಮಾತು ಮುಗಿಯುವವರೆಗೆ ಕಾದು ಎದ್ದು ನಿಂತೆ.

"ಅಜ್ಜಿ ಮನೆಗೆ ನೀರು ನುಗ್ಗಿದ್ದು ನನ್ನಿಂದ ಕಣ್ರೀ," ಎಂದೆ.

ಮರ, ಮಣ್ಣು, ಹುಲ್ಲು ಇವೂ ಮೋರಿಯಷ್ಟೇ ಕೆಲಸ ಮಾಡುತ್ತವೆ, ಬಿಸಿಲಿನ ಕಾವನ್ನೂ ತಗ್ಗಿಸುತ್ತವೆ ಎಂದು ನನಗೆ ತಿಳಿದ ಮಟ್ಟಿಗೆ ಹೇಳಿದೆ. ಒಬ್ಬರು ಹುಲ್ಲು ಬೆಳೆಸಿದರೆ ಹಾವು ಬರುತ್ತದೆಂದರು. ಕೆಲವರು ಎದ್ದು ಹೋದರು. ಆದರೆ ಆ ತಿಂಗಳು ನಮ್ಮ ಸಾಲಿನ ಮೂರು ಮನೆಯವರು ಸಿಮೆಂಟು ಒಡೆಸಿದರು. ಒಬ್ಬರು ಇವತ್ತಿಗೂ ಒಪ್ಪಿಲ್ಲ.

ಈ ವರ್ಷ ಒಂದು ಮಧ್ಯಾಹ್ನ ಅಜ್ಜಿಯ ಮನೆಯಲ್ಲಿದ್ದಾಗಲೇ ಮಳೆ ಹಿಡಿಯಿತು. ಇಬ್ಬರೂ ವರಾಂಡದಲ್ಲಿ ಕೂತೆವು. ನೀರು ಗೇಟಿನವರೆಗೆ ಬಂತು, ಅಲ್ಲೇ ತುಸು ಹೊತ್ತು ನಿಂತಿತು, ಮೆಲ್ಲಗೆ ಇಳಿಯಿತು. ಈ ಸಲ ಒಳಗೆ ಬರಲಿಲ್ಲ ನೋಡಿ ಎನ್ನೋಣವೆಂದು ಪಕ್ಕಕ್ಕೆ ತಿರುಗಿದೆ. ಅಜ್ಜಿ ಗೋಡೆಗೊರಗಿ ನಿದ್ದೆ ಹೋಗಿದ್ದರು.